ಹೆರಿಗೆಯ ಕೋಣೆಯಲ್ಲಿ ಅಳೆಯದೆ ಹೋಗುವ ರಕ್ತ

ಹೆಣ್ಣಿಗೆ ಹೆರಿಗೆಯೆಂಬುದು ಮರುಹುಟ್ಟೆಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಮಾತು ಸುಳ್ಳಲ್ಲ. ಆದರೆ ಇದನ್ನು ಹೇಳಿ ಹೇಳಿ, ಹೆರುವಾಗ ಸಾಯುವದು ಸ್ತ್ರೀಯ ಹಣೆಯ ಬರಹವೆಂದೂ ಅದಕ್ಕೆ ಯಾರೂ ಹೊಣೆಗಾರರಲ್ಲವೆಂದೂ ನಂಬುವ ಸ್ಥಿತಿಗೆ ನಾವು ಬಂದು ಮುಟ್ಟಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ನೆಯ ಇಸವಿಯೊಂದರಲ್ಲಿಯೇ ಬಸಿರು ಬಾಣಂತನಗಳ ಕಾರಣದಿಂದ ಜಗತ್ತಿನಲ್ಲಿ ಸುಮಾರು 2 ಲಕ್ಷ 60 ಸಾವಿರ ಸ್ತ್ರೀಯರು ತೀರಿಕೊಂಡರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರು ಕಡಿಮೆ ಮತ್ತು ಕೆಳಮಧ್ಯಮ ಆದಾಯದ ದೇಶಗಳವರು. ಐಶ್ವರ್ಯವಂತ ದೇಶದ ಹೆಣ್ಣಿನ ಹಣೆಯ ಮೇಲೆ ಬ್ರಹ್ಮನು ಬೇರೆ ಲೇಖಣಿಯಿಂದ ಬರೆದನೆಂದು ಹೇಳುವವರುಂಟೇ?

ನಮ್ಮ ನಾಡಿನ ಲೆಕ್ಕವನ್ನೇ ನೋಡುವಾ. 2018-20ರ ಸರಕಾರೀ ಗಣತಿಯ ಪ್ರಕಾರ ಒಂದು ಲಕ್ಷ ಸಜೀವ ಜನನಗಳಿಗೆ ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಅದೇ ಅವಧಿಯಲ್ಲಿ ನೆರೆಯ ಮಹಾರಾಷ್ಟ್ರದ ಅಂಕಿ 33, ತಮಿಳುನಾಡಿನದು 54, ಕೇರಳದ್ದು 19. ಇಡೀ ಭಾರತದ ಅಂಕಿ 97 ಎಂಬುದರಿಂದ ಸಮಾಧಾನಪಡುವವರು ಪಡಲಿ. ದಕ್ಷಿಣದ ನೆರೆಹೊರೆಯವರ ಸಾಲಿನಲ್ಲಿ ನಿಂತಾಗ ಕನ್ನಡಿಗನು ತಲೆ ತಗ್ಗಿಸಬೇಕಾಗುವದು. ಹೆಂಗಸರು ದವಾಖಾನೆಗೆ ಬರುವದಿಲ್ಲ, ಮನೆಯಲ್ಲಿಯೇ ಹೆರುತ್ತಾರೆ, ಅದಕ್ಕೆ ನಾವೇನು ಮಾಡೋಣವೆಂಬುದು ಅಧಿಕಾರಿಗಳ ಹಳೆಯ ಸಮಜಾಯಿಷಿ. ಈಗ ಆ ಮಾತು ನಡೆಯಲಾರದು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ ಕಾಲಕ್ಕೆ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ದವಾಖಾನೆಯಲ್ಲಿಯೇ ಆಗುತ್ತಿದ್ದವು. ಬಡ ಹೆಂಗಸು ತನ್ನ ಪಾಲಿನ ಕೆಲಸವನ್ನು ಮಾಡಿದ್ದಾಳೆ. ಬಸ್ಸು ಹಿಡಿದೋ ಆಂಬ್ಯುಲೆನ್ಸ್ ಏರಿಯೋ ನಮ್ಮ ಬಾಗಿಲಿಗೆ ಬಂದಿದ್ದಾಳೆ. ಇನ್ನು ಮುಂದಿನ ಹೊಣೆ ಬಾಗಿಲ ಒಳಗಿನವರದು.

ಒಳಗೆ ಬಂದ ಮೇಲೆ ಅವಳನ್ನು ಕೊಲ್ಲುವ ಕಾರಣಗಳು ಹಲವು: ರಕ್ತದೊತ್ತಡ ಏರಿ ಬರುವ ನಂಜು, ಸೋಂಕು, ಅಡ್ಡ ಸಿಕ್ಕ ಕೂಸು. ಆದರೆ ಎಲ್ಲಕ್ಕೂ ಮಿಗಿಲಾದುದು ಹೆತ್ತ ಬಳಿಕದ ರಕ್ತಸ್ರಾವ. ಕೂಸು ಹುಟ್ಟಿ ಮಾಸು ಬಿದ್ದೊಡನೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಆ ಬಿಗಿತದಿಂದಲೇ ಮಾಸು ಅಂಟಿದ್ದ ಸ್ಥಳದ ರಕ್ತನಾಳಗಳ ಬಾಯಿ ಮುಚ್ಚುವವು. ಅದು ಸಡಿಲಾಗಿ ಉಳಿಯಿತೋ, ರಕ್ತವು ಹಳ್ಳದಂತೆ ಹರಿಯುವದು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿದು ಬರುತ್ತಿರುವದೆಂಬುದನ್ನು ಬಲ್ಲವನಿಗೆ ಇಲ್ಲಿ ಕಾಲದ ಬೆಲೆ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅದರ ಮೇಲೆ, ಅದೇ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ರಕ್ತಹೀನತೆಯವರು. ಉಂಡುಟ್ಟ ಮೈಯ ಹೆಂಗಸು ತಾಳಿಕೊಳ್ಳುವ ಸ್ರಾವವನ್ನು ಇವರು ತಾಳಲಾರರು.

ಎಷ್ಟು ರಕ್ತ ಹೋಯಿತೆಂಬುದನ್ನು ತಿಳಿಯುವದು ಹೇಗೆ? ಹೆಚ್ಚಿನ ಕಡೆಗಳಲ್ಲಿ ಕಣ್ಣಳತೆಯೇ ಗತಿ. ಒಂದಿಷ್ಟು ಅರಿವೆಯಲ್ಲಿ ಇಂಗಿತು, ಒಂದಿಷ್ಟು ನೆಲಕ್ಕೆ ಹೋಯಿತು, ಒಂದಿಷ್ಟು ಬಕೀಟಿನ ನೀರಿನಲ್ಲಿ ಕಲೆಯಿತು. ಕೋರ್ಟಿನಲ್ಲಿ ಹತ್ತಿಪ್ಪತ್ತು ವರ್ಷ ಸಾಕ್ಷಿಗಳ ಬಾಯಿಂದ ಅಂದಾಜಿನ ಮಾತನ್ನು ಕೇಳಿದವನಿಗೆ ಕಣ್ಣಳತೆಯ ಯೋಗ್ಯತೆ ಗೊತ್ತಿದೆ! ಈ ಬಗ್ಗೆ ಶಾಸ್ತ್ರೀಯವಾದ ಪುರಾವೆ ಹೊರಟದ್ದು ನಮ್ಮ ಬೆಳಗಾವಿಯಲ್ಲಿಯೇ ಎಂಬುದು ಎಷ್ಟು ಜನ ವಾಚಕರಿಗೆ ತಿಳಿದಿದೆಯೋ ಕಾಣೆ. ಅಲ್ಲಿಯ ಜವಾಹರಲಾಲ ನೆಹರೂ ವೈದ್ಯಕೀಯ ಕಾಲೇಜಿನವರು ಅಮೇರಿಕದ ವೈದ್ಯರೊಡಗೂಡಿ ಒಂದು ಸರಳವಾದ ಸಾಧನವನ್ನು ಉಪಯೋಗಕ್ಕೆ ತಂದರು. ಪಾರದರ್ಶಕವಾದೊಂದು ಪ್ಲಾಸ್ಟಿಕ್ ಹಾಸು. ಅದರ ತುದಿಗೆ ಇಳಿಬಿದ್ದ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ಬಾಣಂತಿಯ ಕೆಳಗೆ ಹಾಸಿದರೆ ರಕ್ತವೆಲ್ಲ ಚೀಲಕ್ಕಿಳಿದು, ಅಕ್ಷರ ಬಲ್ಲ ಯಾರೂ ಓದಬಹುದು. ಇದರೊಡನೆ ಹೋಲಿಸಿದಾಗ ಕಣ್ಣಂದಾಜು ಮೂರರಲ್ಲೊಂದು ಪಾಲು ಕಡಿಮೆ ಹೇಳುತ್ತಿತ್ತೆಂದು 2006ರಲ್ಲಿ ಅವರು ಪ್ರಕಟಿಸಿದರು.

ಅದೇ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಸಂಗತಿ ಬಂತು. ಬೆಳಗಾವಿ ಜಿಲ್ಲೆಯ ಹಳ್ಳಿಗಳ 1620 ಸ್ತ್ರೀಯರಲ್ಲಿ ಅರ್ಧ ಜನರಿಗೆ ಹೆತ್ತೊಡನೆ ಮಿಸೊಪ್ರೊಸ್ಟಾಲ್ ಗುಳಿಗೆಗಳನ್ನೂ ಉಳಿದರ್ಧ ಜನರಿಗೆ ಮದ್ದಿಲ್ಲದ ಗುಳಿಗೆಗಳನ್ನೂ ಕೊಟ್ಟು ನೋಡಲಾಗಿತ್ತು. ಮಿತಿಮೀರಿದ ಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಗುಳಿಗೆ ಕೊಟ್ಟವರು ದೊಡ್ಡ ಪದವಿಯ ಡಾಕ್ಟರರಲ್ಲ. ಹಳ್ಳಿಯಿಂದ ಹಳ್ಳಿಗೆ ಅಲೆಯುವ ಸಹಾಯಕ ದಾದಿಯರು. ಆ ಹೆಣ್ಣುಮಕ್ಕಳ ಹೆಸರು ಯಾವ ಪತ್ರಿಕೆಯಲ್ಲಿಯೂ ಬಂದುದನ್ನು ನಾನರಿಯೆ.

ಅಳತೆಯ ಹಾಸು ಮುಂದೆ ಆಫ್ರಿಕ ಖಂಡಕ್ಕೆ ಹೋಯಿತು. ಕೇನಿಯಾ, ನೈಜೀರಿಯಾ, ತಾಂಜಾನಿಯಾ ಮತ್ತು ದಕ್ಷಿಣ ಆಫ್ರಿಕಗಳ 80 ದವಾಖಾನೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆಸಿದ ಪರೀಕ್ಷೆಯ ಫಲವು 2023ರಲ್ಲಿ ಹೊರಬಿತ್ತು. ಅಲ್ಲಿಯ ಕ್ರಮವಿಷ್ಟೇ: ಗೆರೆ ಅರ್ಧ ಲೀಟರಿಗೆ ಮುಟ್ಟಿದೊಡನೆ, ಇಲ್ಲವೆ ಅದಕ್ಕೂ ಮೊದಲೇ ನಾಡಿ ಮೊದಲಾದವು ಕೆಟ್ಟೊಡನೆ, ಯಾರ ಅಪ್ಪಣೆಯನ್ನೂ ಕಾಯದೆ ದಾದಿಯು ಕೈ ಹಾಕತಕ್ಕದ್ದು. ಗರ್ಭಕೋಶವನ್ನು ನೀವುವದು, ಅದನ್ನು ಬಿಗಿಸುವ ಮದ್ದು, ರಕ್ತ ಹೆಪ್ಪುಗಟ್ಟಲು ನೆರವಾಗುವ ಟ್ರಾನೆಕ್ಸಾಮಿಕ್ ಆಮ್ಲ, ಸಿರೆಯೊಳಗೆ ದ್ರವ, ಗಾಯವೆಲ್ಲಿದೆಯೆಂಬ ಶೋಧ, ಇವೆಲ್ಲವನ್ನೂ ಒಂದೇ ಹೊತ್ತಿಗೆ ಮಾಡುವದು. ಹಳೆಯ ಪದ್ಧತಿಯಲ್ಲಿ ಒಂದನ್ನು ಮಾಡಿ, ಕಾದು, ಅದು ಸಾಗದಿದ್ದರೆ ಇನ್ನೊಂದನ್ನು ಮಾಡುತ್ತಿದ್ದರು. ಆ ಕಾಯುವಿಕೆಯಲ್ಲಿಯೇ ಪ್ರಾಣ ಹೋಗುತ್ತಿತ್ತು. ಹೊಸ ಕ್ರಮದ ದವಾಖಾನೆಗಳಲ್ಲಿ ನೂರು ಸ್ರಾವಗಳಲ್ಲಿ 93 ಗುರುತಿಗೆ ಬಂದವು; ಹಳೆಯ ಕ್ರಮದವುಗಳಲ್ಲಿ 51 ಮಾತ್ರ. ತೀವ್ರವಾದ ಅಪಾಯವು ನೂರಕ್ಕೆ ಅರವತ್ತು ಪಾಲು ತಗ್ಗಿತು. ಇಲ್ಲಿ ಹೊಸ ಔಷಧವೊಂದೂ ಇಲ್ಲ. ಟ್ರಾನೆಕ್ಸಾಮಿಕ್ ಆಮ್ಲವು 1960ರ ದಶಕದಲ್ಲಿಯೇ ಜಪಾನದ ಒಕಾಮೊಟೊ ದಂಪತಿಗಳು ಕಂಡುಹಿಡಿದದ್ದು.

ಅಂದಮೇಲೆ ಪ್ರಶ್ನೆಯು ವೈದ್ಯಶಾಸ್ತ್ರದ್ದಲ್ಲ, ಅಧಿಕಾರದ್ದು. ರಾತ್ರಿ ಎರಡು ಗಂಟೆಗೆ ತಾಲೂಕಿನ ದವಾಖಾನೆಯಲ್ಲಿ ಬಾಣಂತಿಯ ಬಳಿ ಇರುವವಳು ದಾದಿ. ಡಾಕ್ಟರರು ಬರುವ ತನಕ ಕೈಕಟ್ಟಿ ನಿಲ್ಲಬೇಕೆಂಬ ಅಂಜಿಕೆ ಅವಳಲ್ಲಿದ್ದರೆ, ಆ ಅಂಜಿಕೆಯನ್ನು ಹುಟ್ಟಿಸಿದವರು ನಾವು. ಸರಿ ಹೋದರೆ ಹೊಗಳಿಕೆ ಡಾಕ್ಟರರಿಗೆ, ಕೆಟ್ಟರೆ ನೋಟೀಸು ದಾದಿಗೆ ಎಂಬ ನಡಾವಳಿಯಿರುವಲ್ಲಿ ಯಾವ ಬುದ್ಧಿವಂತೆ ಮುಂದಾಗಿ ಸೂಜಿ ಹಿಡಿದಾಳು? ಅವಳಿಗೆ ತರಬೇತಿಯ ಜೊತೆಗೆ ಬರವಣಿಗೆಯಲ್ಲಿ ಅಧಿಕಾರವನ್ನೂ ಕೊಡತಕ್ಕದ್ದು. ಬಾಯಿಮಾತಿನ ಅಪ್ಪಣೆಯು ವಿಚಾರಣೆಯ ದಿನ ಯಾರ ನೆನಪಿನಲ್ಲಿಯೂ ಉಳಿದಿರುವದಿಲ್ಲ.

ಅಧಿಕಾರವೊಂದಿದ್ದು ಮದ್ದು ಸತ್ವಹೀನವಾಗಿದ್ದರೂ ನಡೆಯದು. ಗರ್ಭಕೋಶವನ್ನು ಬಿಗಿಸುವ ಮುಖ್ಯ ಮದ್ದಾದ ಆಕ್ಸಿಟೋಸಿನ್ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿರಬೇಕು. ಕಲಬುರ್ಗಿ ರಾಯಚೂರುಗಳ ಬಿಸಿಲಿನಲ್ಲಿ ಕರೆಂಟು ಹೋದ ಕೋಣೆಯ ಕಪಾಟಿನಲ್ಲಿಟ್ಟರೆ ಅದರ ಶಕ್ತಿ ಕುಂದುವದು. ಸೀಸೆಯನ್ನು ನೋಡಿದರೆ ಏನೂ ತಿಳಿಯದು. ಶಾಖವನ್ನು ತಾಳುವ ಕಾರ್ಬೆಟೋಸಿನ್ ಇದಕ್ಕೆ ಸಮಾನವೆಂದು ಭಾರತವೂ ಸೇರಿ ಹತ್ತು ದೇಶಗಳ ಪರೀಕ್ಷೆಯಿಂದ 2018ರಲ್ಲಿ ತೋರಿಬಂದಿದೆ. ಆದರೆ ಅದೇ ವರ್ಷ ನಮ್ಮ ಕೇಂದ್ರ ಸರಕಾರವು ಏನು ಮಾಡಿತು? ಹಾಲು ಸೋರಲೆಂದು ದನಗಳಿಗೆ ಆಕ್ಸಿಟೋಸಿನ್ ಚುಚ್ಚುತ್ತಾರೆಂಬ ಕಾರಣದಿಂದ, ಖಾಸಗಿ ಕಾರಖಾನೆಗಳು ಅದನ್ನು ದೇಶದ ಬಳಕೆಗಾಗಿ ತಯಾರಿಸಕೂಡದೆಂದು ಏಪ್ರಿಲ್ 27ಕ್ಕೆ ಅಧಿಸೂಚನೆ ಹೊರಡಿಸಿತು. ಇಡೀ ಭಾರತದ ಬಾಣಂತಿಯರಿಗೆ ಮದ್ದು ಒದಗಿಸುವ ಭಾರವು ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಕಾರಖಾನೆಯೊಂದರ ಮೇಲೆ ಬೀಳುವಂತಾಯಿತು. ನಮ್ಮ ನಾಡಿನ ಕಾರಖಾನೆಗೆ ಲಾಭವಾಗುವದೆಂದು ಹಿಗ್ಗುವ ಕನ್ನಡಿಗನು ನಾನಲ್ಲ. ಒಂದೇ ಬಾವಿಯ ಮೇಲೆ ಊರಿಗೆ ಊರೇ ನಿಂತರೆ ಬೇಸಿಗೆಯಲ್ಲಿ ಏನಾದೀತೆಂದು ಒಕ್ಕಲಿಗರನ್ನು ಕೇಳಿರಿ. ದಿಲ್ಲಿಯ ಹೈಕೋರ್ಟು ಅದೇ ಡಿಸೆಂಬರ್ 14ಕ್ಕೆ ಆ ಅಧಿಸೂಚನೆಯನ್ನು ರದ್ದುಮಾಡಿ ನ್ಯಾಯ ಮಾಡಿತು. ಸರಕಾರವು ಸುಪ್ರೀಮ್ ಕೋರ್ಟಿಗೆ ಹೋಯಿತು. 2019ರಲ್ಲಿ ಪ್ರಶ್ನೆಯು ಹೆಚ್ಚಿನ ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲ್ಪಟ್ಟಿತು. ಹಸುವಿನ ಹಿಂಸೆ ನಿಲ್ಲಬೇಕೆಂಬುದು ದಿಟ. ಅದಕ್ಕಾಗಿ ಗೋಶಾಲೆಯ ಕಳ್ಳನನ್ನು ಹಿಡಿಯಬೇಕೇ ಹೊರತು ಹೆರಿಗೆಯ ಮನೆಯ ಕಪಾಟಕ್ಕೆ ಕೈಯಿಕ್ಕುವದು ಯಾವ ನ್ಯಾಯ?

ಸಾವಾದ ಬಳಿಕ ನಾವು ನಡೆದುಕೊಳ್ಳುವ ರೀತಿಯೂ ಒಪ್ಪತಕ್ಕದ್ದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಸಿರೆಯಲ್ಲಿ ಏರಿಸಿದ ದ್ರವದ ಮೇಲೆ ಸಂಶಯ ಬಂದಾಗ ನಾಡೆಲ್ಲ ಗುಲ್ಲೆದ್ದಿತು; ಅಧಿಕಾರಿಯ ಅಮಾನತೂ ಆಯಿತು. ಆದರೆ ಗದ್ದಲವಿಲ್ಲದೆ ಒಬ್ಬೊಬ್ಬರಾಗಿ ಸಾಯುವವರ ಕಥೆಯನ್ನು ಕೇಳುವವರಾರು? ಕೇರಳದ ಪ್ರಸೂತಿ ವೈದ್ಯರ ಸಂಘದವರು 2004ರಿಂದ ತಾಯಂದಿರ ಸಾವುಗಳನ್ನು ಗುಪ್ತವಾಗಿ ವಿಮರ್ಶೆ ಮಾಡುವ ಪದ್ಧತಿಯನ್ನಿಟ್ಟರು. ತಾಯಿಯ ಹೆಸರಿಲ್ಲ, ಡಾಕ್ಟರರ ಹೆಸರಿಲ್ಲ, ದವಾಖಾನೆಯ ಹೆಸರಿಲ್ಲ. ಯಾವ ಗಳಿಗೆಯಲ್ಲಿ ಏನು ತಪ್ಪಿತೆಂಬುದೊಂದೇ ಅಲ್ಲಿಯ ವಿಚಾರ. ಶಿಕ್ಷೆಯ ಭಯವಿಲ್ಲದಲ್ಲಿ ಬಾಯಿಂದ ನಿಜ ಹೊರಡುವದು. ಅಪರಾಧಿಯನ್ನು ಹುಡುಕುವದೇ ಕಸುಬಾದ ವಕೀಲನು ಈ ಮಾತನ್ನಾಡುವದು ವಿಚಿತ್ರವೆನಿಸಬಹುದು. ಮೋಸ ಮಾಡಿದ ಔಷಧ ವ್ಯಾಪಾರಿಯನ್ನು ಕಟಕಟೆಗೆ ತನ್ನಿರಿ, ಅಡ್ಡಿಯಿಲ್ಲ. ದಣಿದ ದಾದಿಯನ್ನು ಅದೇ ಹಗ್ಗದಿಂದ ಕಟ್ಟಬೇಡಿರಿ.

ಈ ಪತ್ರಿಕೆಯನ್ನು ಓದುವವರಲ್ಲಿ ಶಿಕ್ಷಕರೂ ಊರ ಪ್ರಮುಖರೂ ಬಹಳ. ಪ್ರತಿ ಸರಕಾರಿ ದವಾಖಾನೆಗೂ ಆರೋಗ್ಯ ರಕ್ಷಾ ಸಮಿತಿಯೆಂಬುದುಂಟು. ನಿಮ್ಮಲ್ಲಿ ಕೆಲವರು ಅದರ ಸದಸ್ಯರಿರಬಹುದು, ಇಲ್ಲದವರಿಗೆ ಸದಸ್ಯರ ಪರಿಚಯವಿರುವದು. ಹೆರಿಗೆಯ ಕೋಣೆಯಲ್ಲಿ ಅಳತೆಯ ಹಾಸು ಇದೆಯೇ, ಆಕ್ಸಿಟೋಸಿನ್ ಇಟ್ಟ ಶೀತಪೆಟ್ಟಿಗೆಯ ಉಷ್ಣಮಾನವನ್ನು ದಿನವೂ ಬರೆದಿಡುವರೇ, ಟ್ರಾನೆಕ್ಸಾಮಿಕ್ ಆಮ್ಲವು ಕೈಗೆ ನಿಲುಕುವಂತಿದೆಯೋ ಬೀಗದೊಳಗಿದೆಯೋ, ರಾತ್ರಿ ರಕ್ತ ಬೇಕಾದರೆ ಎಷ್ಟು ಹೊತ್ತಿಗೆ ಎಲ್ಲಿಂದ ಬರುವದು, ದಾದಿಗೆ ಲಿಖಿತ ಅಧಿಕಾರವಿದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿರಿ. ಮಾಸ್ತರರು ಊರಿನ ರಕ್ತದಾನಿಗಳ ಪಟ್ಟಿಯೊಂದನ್ನು ಮಾಡಿ ಶಾಲೆಯ ಗೋಡೆಗೆ ಅಂಟಿಸಿದರೆ ಅದೂ ಒಳ್ಳೆಯದೇ. ಸಭೆಯಲ್ಲಿ ಸಿಗುವ ಉತ್ತರವನ್ನು ಮಾತ್ರ ಬಾಯಿಮಾತಿಗೆ ಬಿಡದೆ ನಡಾವಳಿಯ ಪುಸ್ತಕದಲ್ಲಿ ತಾರೀಖು ಹಾಕಿಸಿ ಬರೆಯಿಸಿರಿ. ಅದರ ಮುಂದಿನ ಸಭೆಯಲ್ಲಿ ಆ ಪುಟವನ್ನೇ ತೆರೆಯಿಸಿ ಓದಿಸಿರಿ.