ನೆಲ ನಡುಗಿದಾಗ ನುಡಿಯುವ ಮನೆಗಳು

ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಎದುರಾಗಿ, ಕೊಲ್ಲಿಯ ಆಚೆಯ ದಡದಲ್ಲಿ, ೧೮೬೮ನೆಯ ಇಸವಿಯ ಅಕ್ಟೋಬರ್ ೨೧ರ ಬೆಳಗ್ಗೆ ಭೂಮಿ ಬಲವಾಗಿ ಕಂಪಿಸಿತು. ಇಟ್ಟಿಗೆಯ ಗೋಡೆಗಳು ಉರುಳಿದವು. ಹಲವರು ಪ್ರಾಣ ಕಳೆದುಕೊಂಡರು. ಎರಡು ವಾರ ತುಂಬುವುದರೊಳಗೆ ಅಲ್ಲಿನ ವೃತ್ತಪತ್ರಿಕೆಯೊಂದರಲ್ಲಿ ಜೆ. ಡಿ. ಕೂಪರ್ ಎಂಬ ವೈದ್ಯರ ಸಲಹೆಯೊಂದು ಅಚ್ಚಾಯಿತು. ನಗರದಿಂದ ಹತ್ತಾರು ಮೈಲಿ ದೂರದ ಸ್ಥಳಗಳಲ್ಲಿ ನೆಲದ ಅಲುಗಾಟವನ್ನು ಗುರುತಿಸುವ ಸರಳ ಯಂತ್ರಗಳನ್ನು ಇಡಬೇಕು. ಅವನ್ನು ತಂತಿಯ ಮೂಲಕ ನಗರಕ್ಕೆ ಜೋಡಿಸಬೇಕು. ದೂರದಲ್ಲಿ ನೆಲ ನಡುಗಿದೊಡನೆ ನಗರದ ನಡುವಿನ ದೊಡ್ಡ ಗಂಟೆಯೊಂದು ತಾನಾಗಿಯೇ ಬಾರಿಸಬೇಕು. ನೆಲದೊಳಗಿನ ಅಲೆಗಿಂತ ತಂತಿಯ ಸುದ್ದಿ ಬಹು ಬೇಗ ಓಡುತ್ತದೆಯಾದ್ದರಿಂದ ಜನರಿಗೆ ಕೆಲವು ಕ್ಷಣಗಳಾದರೂ ದೊರೆಯುವುವು—ಇದು ಅವರ ತರ್ಕ.

ತರ್ಕದಲ್ಲಿ ಲೋಪವಿರಲಿಲ್ಲ. ಆದರೆ ಗಂಟೆಯನ್ನು ಯಾರೂ ಕಟ್ಟಲಿಲ್ಲ. ಊರೂರಿನಲ್ಲಿ ಯಂತ್ರವನ್ನಿಟ್ಟು ಹಗಲಿರುಳು ಕಾಯುವವರಾರು ಎಂಬ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ. ಸುಮಾರು ೧೪೦ ವರ್ಷಗಳ ತರುವಾಯ ಅದೇ ಕ್ಯಾಲಿಫೋರ್ನಿಯಾದಲ್ಲಿ ಒಂದು ಉತ್ತರ ಹೊಳೆಯಿತು. ಅದು ಹೊಳೆದದ್ದು ವೀಕ್ಷಣಾಲಯದ ಕಡೆಯಿಂದಲ್ಲ, ಗೃಹಸ್ಥರ ಮೇಜಿನ ಮೇಲಿನ ಕಂಪ್ಯೂಟರಿನ ಕಡೆಯಿಂದ.

ಬೀಳುವ ಯಂತ್ರದ ಬುದ್ಧಿ

ಉತ್ತಮ ದರ್ಜೆಯ ಭೂಕಂಪಮಾಪಕವು ಬಲು ನಾಜೂಕಿನ ಉಪಕರಣ, ಬೆಲೆಯೂ ದುಬಾರಿ. ಜನಸಂಚಾರದ ಸದ್ದಿಲ್ಲದ ಬಂಡೆಯ ಮೇಲೆ ಅದನ್ನು ಹೂಡಬೇಕು, ನುರಿತವರು ನೋಡಿಕೊಳ್ಳಬೇಕು. ಹೀಗಾಗಿ ಸಿರಿವಂತ ದೇಶಗಳಲ್ಲಿಯೂ ಒಂದು ಕೇಂದ್ರಕ್ಕೂ ಮತ್ತೊಂದಕ್ಕೂ ನಡುವೆ ಹತ್ತಾರು ಕಿಲೋಮೀಟರುಗಳ ಅಂತರ ಉಳಿಯುತ್ತದೆ. ಆದರೆ ಭೂಕಂಪದ ಪೆಟ್ಟು ಎಲ್ಲೆಡೆಯೂ ಸಮನಾಗಿ ಬೀಳುವುದಿಲ್ಲ. ಬಂಡೆಯ ಮೇಲಿನ ಬೀದಿ ಸುಮ್ಮನೆ ಅದುರಿ ನಿಂತಾಗ, ಹಳೆಯ ಕೆರೆಯಂಗಳದ ಮೆದು ಮಣ್ಣಿನ ಬೀದಿ ತೊಟ್ಟಿಲಿನಂತೆ ತೂಗಾಡುವುದುಂಟು. ಈ ಭೇದವನ್ನು ತಿಳಿಯಬೇಕಾದರೆ ಬೀದಿಬೀದಿಯಲ್ಲಿಯೂ ಒಂದು ಮಾಪಕ ಬೇಕು.

ಅಷ್ಟು ಮಾಪಕಗಳನ್ನು ತರುವುದೆಲ್ಲಿಂದ? ಎಲಿಜಬೆತ್ ಕಾಕ್ರನ್ ಮತ್ತು ಜೆಸ್ಸಿ ಲಾರೆನ್ಸ್ ಎಂಬ ಇಬ್ಬರು ಭೂಕಂಪಶಾಸ್ತ್ರಜ್ಞರ ದೃಷ್ಟಿ ಲ್ಯಾಪ್‌ಟಾಪ್ ಕಂಪ್ಯೂಟರುಗಳ ಮೇಲೆ ಬಿದ್ದಿತು. ಆ ಕಾಲದ ಹಲವು ಲ್ಯಾಪ್‌ಟಾಪುಗಳೊಳಗೆ ಚಲನೆಯನ್ನು ಅರಿಯುವ ಒಂದು ಪುಟ್ಟ ಸಂವೇದಕವಿರುತ್ತಿತ್ತು. ಅದನ್ನು ಇಟ್ಟದ್ದು ಭೂಕಂಪಕ್ಕಾಗಿ ಅಲ್ಲ. ಯಂತ್ರ ಕೈಜಾರಿ ಬೀಳುವಾಗ, ನೆಲ ಮುಟ್ಟುವ ಮುನ್ನವೇ ಅದನ್ನು ಅರಿತು, ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕಿಗೆ ಗಾಯವಾಗದಂತೆ ಅದರ ಮುಳ್ಳನ್ನು ಬದಿಗೆ ಸರಿಸುವುದು ಆ ಸಂವೇದಕದ ಕೆಲಸ. ಬೀಳುವುದನ್ನು ಅರಿಯಬಲ್ಲ ಯಂತ್ರ ಅಲುಗುವುದನ್ನು ಅರಿಯಲಾರದೆ? ಈ ಒಂದು ವಿಚಾರದಿಂದ ೨೦೦೮ರಲ್ಲಿ 'ಕ್ವೇಕ್ ಕ್ಯಾಚರ್ ನೆಟ್‌ವರ್ಕ್' ಎಂಬ ಸ್ವಯಂಸೇವಕರ ಜಾಲ ಹುಟ್ಟಿತು. ಭೂಕಂಪವನ್ನು ಹಿಡಿಯುವ ಬಲೆ ಎಂದು ಅದರ ಹೆಸರಿಗೆ ಅರ್ಥ ಹೇಳಬಹುದು.

ಅದಕ್ಕೆ ಬೇಕಾದ ದಾರಿ ಮೊದಲೇ ಸಿದ್ಧವಾಗಿತ್ತು. ಆಕಾಶದ ಆಚೆ ಬುದ್ಧಿಜೀವಿಗಳಿರುವರೇ ಎಂದು ಹುಡುಕುವ ಲೆಕ್ಕಾಚಾರಕ್ಕೆ ಲಕ್ಷಾಂತರ ಜನ ತಮ್ಮ ಮನೆಯ ಕಂಪ್ಯೂಟರುಗಳ ಬಿಡುವಿನ ವೇಳೆಯನ್ನು ೧೯೯೯ರಿಂದಲೇ ದಾನವಾಗಿ ನೀಡುತ್ತಿದ್ದರು. ಬರ್ಕ್‌ಲಿಯ ವಿಶ್ವವಿದ್ಯಾಲಯ ರೂಪಿಸಿದ ಅದೇ ವ್ಯವಸ್ಥೆಯನ್ನು ಭೂಕಂಪದ ಜಾಲವೂ ಬಳಸಿಕೊಂಡಿತು. ಒಳಗೆ ಸಂವೇದಕವಿಲ್ಲದ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಸುಮಾರು ೫೦ ಡಾಲರಿಗೆ ಒದಗಿಸಲಾಯಿತು. ಅದನ್ನು ನೆಲಕ್ಕೆ ಭದ್ರವಾಗಿ ಅಂಟಿಸಿ, ತಂತಿಯನ್ನು ಕಂಪ್ಯೂಟರಿಗೆ ಸೇರಿಸಿದರೆ ಮನೆಯವರ ಕೆಲಸ ಮುಗಿಯಿತು.

ಆದರೆ ಮನೆಯೆಂದ ಮೇಲೆ ಮಕ್ಕಳು ಕುಣಿಯುವರು, ಬಾಗಿಲು ಬಡಿಯುವುದು, ಬೀದಿಯಲ್ಲಿ ಲಾರಿ ಹಾಯುವುದು. ಇವೆಲ್ಲವೂ ಸಂವೇದಕಕ್ಕೆ ನಡುಕವೇ. ಇದರಲ್ಲಿ ಭೂಕಂಪ ಯಾವುದು, ಒಗ್ಗರಣೆಗೆ ಕುಟ್ಟಾಣಿ ಕುಟ್ಟಿದ್ದು ಯಾವುದು? ಇದಕ್ಕೆ ಕಂಡುಕೊಂಡ ಉಪಾಯ ನ್ಯಾಯಾಲಯದ ಉಪಾಯವೇ. ಒಂದು ಮನೆಯ ಮಾತನ್ನು ಕೇಂದ್ರದ ಗಣಕ ನಂಬುವುದಿಲ್ಲ. ಮನೆಯ ಕಂಪ್ಯೂಟರು ಈ ಗಳಿಗೆಯ ಅಲುಗಾಟವನ್ನು ತುಸು ಹಿಂದಿನ ಅಲುಗಾಟದೊಡನೆ ಹೋಲಿಸಿ ನೋಡಿ, ಹೆಚ್ಚಿನ ವ್ಯತ್ಯಾಸ ಕಂಡರೆ, ಹೊತ್ತು, ಸ್ಥಳ, ಬಲ ಇಷ್ಟನ್ನು ಮಾತ್ರ ಕೇಂದ್ರಕ್ಕೆ ಕಳುಹಿಸುತ್ತದೆ. ಅದೇ ಹೊತ್ತಿಗೆ ನೆರೆಯ ಹಲವು ಮನೆಗಳಿಂದಲೂ ಅದೇ ವರ್ತಮಾನ ಬಂದರೆ ಕೇಂದ್ರ ಕಿವಿ ನಿಮಿರಿಸುತ್ತದೆ. ಒಂದು ಮನೆಯಲ್ಲಿ ಮಗು ಮಂಚದಿಂದ ಧುಮುಕಬಹುದು. ಒಂದೇ ಕ್ಷಣದಲ್ಲಿ ಇಪ್ಪತ್ತು ಮನೆಗಳ ಮಕ್ಕಳು ಧುಮುಕಲಾರರು.

ಹಲವು ಮಾಪಕಗಳ ಮಾತನ್ನು ಕೂಡಿಸಿ ಸದ್ದಿನಿಂದ ಸತ್ಯವನ್ನು ಸೋಸುವ ಈ ತತ್ತ್ವ ಕನ್ನಡ ನಾಡಿಗೆ ಅಪರಿಚಿತವಲ್ಲ. ಗೌರಿಬಿದನೂರಿನಲ್ಲಿ ೧೯೬೫ರಿಂದ ಭೂಕಂಪಮಾಪಕಗಳ ಸಾಲೊಂದು ಕಾವಲಿರುವುದು. ಇಂದು ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದ ಆ ಸಾಲಿನ ಉದ್ದೇಶ ದೂರದೇಶಗಳ ಪರಮಾಣು ಸ್ಫೋಟಗಳ ಕಂಪನವನ್ನು ಗುರುತಿಸುವುದು. ಅಲ್ಲಿ ಇರುವುದು ತಜ್ಞರ ಕೈಯಲ್ಲಿನ ಶ್ರೇಷ್ಠ ಉಪಕರಣಗಳು. ಕ್ಯಾಲಿಫೋರ್ನಿಯಾದ ಜಾಲದಲ್ಲಿ ಇದ್ದದ್ದು ಗೃಹಸ್ಥರ ಕೈಯಲ್ಲಿನ ಅಗ್ಗದ ಉಪಕರಣಗಳು. ಗುಣದ ಕೊರತೆಯನ್ನು ಸಂಖ್ಯೆಯಿಂದ ತುಂಬಿಕೊಳ್ಳಬೇಕಾಗಿತ್ತು.

ಎರಡು ಅಲೆಗಳ ಓಟ

ಭೂಮಿಯ ಒಳಗೆ ಬಂಡೆ ಬಿರಿದು ಜಾರಿದಾಗ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು ೬ ಕಿಲೋಮೀಟರು ಓಡುವುದು, ಬಹುಮಟ್ಟಿಗೆ ಸಾಧು. ಎರಡನೆಯದು ಸೆಕೆಂಡಿಗೆ ಸುಮಾರು ೩.೫ ಕಿಲೋಮೀಟರು, ಗೋಡೆಗಳನ್ನು ಕೆಡವುವುದು ಮುಖ್ಯವಾಗಿ ಇದೇ. ಮೊದಲನೆಯದು ದೂತ, ಎರಡನೆಯದು ದಂಡು.

ಒಂದು ಲೆಕ್ಕ ಹಾಕಿ ನೋಡಬಹುದು. ಕಂಪನ ಹುಟ್ಟಿದ ಸ್ಥಳದಿಂದ ೧೪ ಕಿಲೋಮೀಟರು ದೂರದಲ್ಲಿ ಒಂದು ಹಳ್ಳಿ, ೭೦ ಕಿಲೋಮೀಟರು ದೂರದಲ್ಲಿ ಒಂದು ನಗರ ಇವೆಯೆಂದು ಭಾವಿಸೋಣ. ಲೆಕ್ಕ ಸುಲಭವಾಗಲೆಂದು ನೆಲದ ಆಳವನ್ನು ಬಿಟ್ಟುಬಿಡೋಣ. ಹಳ್ಳಿಯ ಮನೆಗಳನ್ನು ದೂತ ಮುಟ್ಟುವುದು ಎರಡು ಸೆಕೆಂಡು ದಾಟಿದ ಮೇಲೆ. ಆ ಮನೆಗಳ ಸುದ್ದಿಯನ್ನು ಕೂಡಿಸಿ ಕೇಂದ್ರವು ನಿರ್ಧಾರಕ್ಕೆ ಬರಲು ಇನ್ನೊಂದು ನಾಲ್ಕು ಸೆಕೆಂಡು ಬೇಕಾಗುವುದೆನ್ನೋಣ. ಏಳನೆಯ ಸೆಕೆಂಡಿನ ಹೊತ್ತಿಗೆ ನಗರಕ್ಕೆ ಎಚ್ಚರಿಕೆ ಹೋಗುವುದು. ದಂಡು ನಗರವನ್ನು ತಲಪುವುದು ಇಪ್ಪತ್ತನೆಯ ಸೆಕೆಂಡಿಗೆ. ನಗರಕ್ಕೆ ಉಳಿದದ್ದು ಹದಿಮೂರು ಸೆಕೆಂಡು. ಹದಿಮೂರು ಸೆಕೆಂಡಿನಲ್ಲಿ ಏನಾದೀತು? ರೈಲು ವೇಗ ತಗ್ಗಿಸೀತು. ಲಿಫ್ಟು ಹತ್ತಿರದ ಮಹಡಿಯಲ್ಲಿ ನಿಂತು ಬಾಗಿಲು ತೆರೆದೀತು. ಶಸ್ತ್ರವೈದ್ಯ ಕೈಯ ಕತ್ತಿಯನ್ನು ಮೇಲಕ್ಕೆತ್ತಿಯಾನು. ಶಾಲೆಯ ಮಗು ಮೇಜಿನ ಕೆಳಗೆ ನುಸುಳೀತು.

ಇನ್ನು ಆ ಹಳ್ಳಿಯ ಸ್ಥಿತಿ? ಅಲ್ಲಿಗೆ ದಂಡು ನಾಲ್ಕನೆಯ ಸೆಕೆಂಡಿಗೇ ಬಂದಾಗಿದೆ. ಸುದ್ದಿ ಕೊಟ್ಟ ಮನೆಗಳಿಗೆ ಎಚ್ಚರಿಕೆಯೇ ಇಲ್ಲ! ಈ ವ್ಯವಸ್ಥೆಯ ಮರ್ಮವೆಲ್ಲ ಇಲ್ಲಿದೆ. ಸಂವೇದಕವನ್ನು ತನ್ನ ಮನೆಯಲ್ಲಿ ಇಟ್ಟುಕೊಂಡವನು ಅದರಿಂದ ತನ್ನನ್ನು ಕಾಪಾಡಿಕೊಳ್ಳುವೆನೆಂದು ಆಶಿಸುವಂತಿಲ್ಲ. ಕಂಪನ ಅವನ ಊರಿನ ಬಳಿಯೇ ಹುಟ್ಟಿದರೆ ಅವನ ಮನೆ ಮೊದಲು ನಡುಗಿ, ದೂರದ ಅಪರಿಚಿತರಿಗೆ ಕೆಲವು ಕ್ಷಣಗಳನ್ನು ಕೊಡುವುದು. ಮತ್ತೊಂದು ದಿನ ಕಂಪನ ದೂರದಲ್ಲಿ ಹುಟ್ಟಿದಾಗ ಯಾವುದೋ ಅಪರಿಚಿತನ ಮನೆ ಅವನಿಗೆ ಆ ಋಣವನ್ನು ತೀರಿಸುವುದು.

ಕ್ರೈಸ್ಟ್‌ಚರ್ಚಿನ ಮನೆಗಳು

ಈ ಜಾಲದ ದೊಡ್ಡ ಪರೀಕ್ಷೆ ನಡೆದದ್ದು ಅಮೆರಿಕೆಯ ಹೊರಗೆ. ಚಿಲಿ ದೇಶದಲ್ಲಿ ೨೦೧೦ರ ಫೆಬ್ರವರಿ ೨೭ರಂದು ೮.೮ ಪ್ರಮಾಣದ ಮಹಾಕಂಪನವಾದಾಗ ಸುಮಾರು ನೂರು ಸಂವೇದಕಗಳನ್ನು ಅಲ್ಲಿನ ಮನೆ ಕಚೇರಿಗಳಲ್ಲಿ ಇರಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ ೪ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಪಶ್ಚಿಮಕ್ಕೆ, ಡಾರ್‌ಫೀಲ್ಡ್ ಎಂಬಲ್ಲಿ, ೭.೧ ಪ್ರಮಾಣದ ಕಂಪನವಾಯಿತು. ಆ ಬಳಿಕ ನಗರದ ಸುತ್ತಮುತ್ತ ಸುಮಾರು ೧೮೦ ಸಂವೇದಕಗಳು ಸ್ವಯಂಸೇವಕರ ಮನೆಗಳನ್ನು ಸೇರಿದವು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತಲ್ಲ ಎಂದು ಯಾರಾದರೂ ನಗಬಹುದು. ಆದರೆ ಭೂಕಂಪ ಒಂದೇ ಸಲಕ್ಕೆ ಮುಗಿಯುವ ಕೊಳ್ಳೆಯಲ್ಲ. ದೊಡ್ಡ ಕಂಪನದ ಹಿಂದೆ ತಿಂಗಳುಗಟ್ಟಲೆ ಮರಿಕಂಪನಗಳು ಬರುತ್ತಲೇ ಇರುತ್ತವೆ; ಒಮ್ಮೊಮ್ಮೆ ಮರಿಯೇ ತಾಯಿಗಿಂತ ಕ್ರೂರವಾಗುವುದುಂಟು. ಕ್ರೈಸ್ಟ್‌ಚರ್ಚಿನಲ್ಲಿ ಹಾಗೆಯೇ ಆಯಿತು. ೨೦೧೧ರ ಫೆಬ್ರವರಿ ೨೨ರ ಮಧ್ಯಾಹ್ನ, ಜನ ಊಟದ ವಿರಾಮದಲ್ಲಿದ್ದಾಗ, ನಗರದ ಬುಡದಲ್ಲಿಯೇ ನೆಲ ಬಿರಿಯಿತು. ೧೮೫ ಜನರು ಮಡಿದರು. ಮನೆಗಳ ಸಂವೇದಕಗಳು ಆ ದಿನ ಯಾರನ್ನೂ ಎಚ್ಚರಿಸಲಿಲ್ಲ. ಜಾಲವಿನ್ನೂ ಪ್ರಯೋಗದ ಹಂತದಲ್ಲಿತ್ತು. ಕಂಪನ ಕಾಲಡಿಯಲ್ಲಿಯೇ ಹುಟ್ಟಿದ್ದರಿಂದ ಯಾವ ಗಂಟೆಯೂ ನಗರದ ನಡುಭಾಗವನ್ನು ಉಳಿಸುವಂತಿರಲಿಲ್ಲ. ಹಾಗಾದರೆ ಅವುಗಳಿಂದಾದ ಪ್ರಯೋಜನವೇನು? ಅಗ್ಗದ ಸಂವೇದಕ ಬರೆದದ್ದನ್ನು ಸಮೀಪದ ದುಬಾರಿ ಮಾಪಕ ಬರೆದದ್ದರೊಡನೆ ಒತ್ತಟ್ಟಿಗಿಟ್ಟು ವಿಜ್ಞಾನಿಗಳು ಹೋಲಿಸಿದರು. ಬಲವಾದ ಕಂಪನದಲ್ಲಿ ಎರಡರ ಸಾಕ್ಷ್ಯವೂ ಹೊಂದಿಕೆಯಾಗುವುದೆಂದು ಕಂಡಿತು. ಗೃಹಸ್ಥನ ಮಾತನ್ನು ಶಾಸ್ತ್ರ ಒಪ್ಪಬಹುದೆಂಬುದು ಅಂದು ಸಿದ್ಧವಾಯಿತು.

ಈ ಜಾಲ ತನ್ನ ಮೊದಲಿನ ರೂಪದಲ್ಲಿ ಬಹುಕಾಲ ಉಳಿಯಲಿಲ್ಲ. ತಿರುಗುವ ಹಾರ್ಡ್ ಡಿಸ್ಕುಗಳು ಹೋಗಿ ಚಲನೆಯಿಲ್ಲದ ಹೊಸ ಡಿಸ್ಕುಗಳು ಬಂದೊಡನೆ, ಬೀಳುವುದನ್ನು ಅರಿಯುವ ಸಂವೇದಕದ ಅಗತ್ಯವೇ ಲ್ಯಾಪ್‌ಟಾಪುಗಳಿಗೆ ಇಲ್ಲವಾಯಿತು. ಆದರೆ ವಿಚಾರ ಮಾತ್ರ ಅಳಿಯಲಿಲ್ಲ.

ಹೈಟಿಯ ಪಾಠ

ಕೆರಿಬಿಯನ್ ಸಮುದ್ರದ ಹೈಟಿ ಬಡ ದೇಶ. ೨೦೧೦ರ ಜನವರಿ ೧೨ರಂದು ಅಲ್ಲಿ ೭.೦ ಪ್ರಮಾಣದ ಕಂಪನವಾಗಿ ಲಕ್ಷಕ್ಕೂ ಮಿಕ್ಕಿ ಜನ ಸತ್ತಾಗ, ಆ ದೇಶಕ್ಕೆ ತನ್ನದೆಂಬ ಭೂಕಂಪಮಾಪಕಗಳ ಜಾಲವೇ ಇರಲಿಲ್ಲ. ಅನಂತರ ಸರ್ಕಾರಿ ಜಾಲವೊಂದನ್ನು ಕಟ್ಟಲಾಯಿತು. ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದು ಕಷ್ಟವಾಯಿತು.

೨೦೧೯ರಲ್ಲಿ ವಿಜ್ಞಾನಿಗಳು ಬೇರೊಂದು ಹಾದಿ ಹಿಡಿದರು. ಪನಾಮಾ ದೇಶದಲ್ಲಿ ತಯಾರಾಗುವ 'ರಾಸ್ಪ್‌ಬೆರಿ ಶೇಕ್' ಎಂಬ ಉಪಕರಣವನ್ನು ಸಾಮಾನ್ಯ ನಾಗರಿಕರ ಮನೆಗಳಿಗೆ ಕೊಟ್ಟರು. ಅಂಗೈ ಅಗಲದ ಒಂದು ಕಂಪ್ಯೂಟರು, ಅದಕ್ಕೆ ಜೋಡಿಸಿದ ಒಂದು ಕಾಂತ ಮತ್ತು ತಂತಿಯ ಸುರುಳಿ—ಅದರ ಅಂಗಗಳು ಇಷ್ಟೇ. ನೆಲ ಅಲುಗಿದಾಗ ಸುರುಳಿಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತೇ ಅದರ ಭಾಷೆ. ಮನೆಯಾತ ಕೊಡಬೇಕಾದದ್ದು ಒಂದು ಮೂಲೆ, ವಿದ್ಯುತ್ತು, ಅಂತರ್ಜಾಲದ ಸಂಪರ್ಕ. ತನ್ನ ಮನೆಯ ದೀಪ ಆರದಂತೆ ನೋಡಿಕೊಳ್ಳುವವನು ಅದರೊಡನೆ ಈ ಯಂತ್ರವನ್ನೂ ನೋಡಿಕೊಳ್ಳುವನು.

೨೦೨೧ರ ಆಗಸ್ಟ್ ೧೪ರಂದು ಹೈಟಿಯ ನೆಲ ಮತ್ತೆ ಬಿರಿಯಿತು, ಪ್ರಮಾಣ ೭.೨. ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿನಲ್ಲಿ ಸರ್ಕಾರಿ ಜಾಲದ ಮಾಪಕಗಳು ಕೆಲಸ ಮಾಡುತ್ತಿರಲಿಲ್ಲ. ದೇಶದಲ್ಲಿ ಅಭದ್ರತೆ ತಾಂಡವವಾಡುತ್ತಿದ್ದುದರಿಂದ ತಜ್ಞರು ಸ್ಥಳಕ್ಕೆ ಹೋಗುವುದೂ ದುಸ್ತರವಾಗಿತ್ತು. ಆಗ ನುಡಿದವು ಆ ಮನೆಗಳ ಮೂಲೆಯ ಪೆಟ್ಟಿಗೆಗಳು. ಬಂಡೆ ಎಲ್ಲಿ ಬಿರಿಯಿತು, ಹೇಗೆ ಜಾರಿತು, ಮರಿಕಂಪನಗಳು ಯಾವ ದಿಕ್ಕಿಗೆ ಹರಡುತ್ತಿವೆ ಎಂಬುದನ್ನು ಅತಿ ಸಮೀಪದಿಂದ ತಿಳಿಸಿದ ಸಾಕ್ಷಿಗಳು ಅವೇ. ಈ ವೃತ್ತಾಂತ ೨೦೨೨ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಜ್ಯದ ಕಣ್ಣು ಮುಚ್ಚಿದ್ದಾಗ ಗೃಹಸ್ಥರ ಕಣ್ಣು ತೆರೆದಿತ್ತು.

ಕಿಸೆಯೊಳಗಿನ ಸಾಕ್ಷಿ

ಲ್ಯಾಪ್‌ಟಾಪಿನಿಂದ ಮರೆಯಾದ ಸಂವೇದಕ ಇಂದು ಪ್ರತಿಯೊಬ್ಬರ ಕಿಸೆಯಲ್ಲಿ ಕುಳಿತಿದೆ. ಫೋನನ್ನು ಅಡ್ಡ ತಿರುಗಿಸಿದರೆ ಚಿತ್ರವೂ ತಿರುಗುವುದು ಅದರ ಮಹಿಮೆಯಿಂದ. ಬರ್ಕ್‌ಲಿಯ ವಿಜ್ಞಾನಿಗಳು ೨೦೧೬ರಲ್ಲಿ ಫೋನುಗಳನ್ನೇ ಭೂಕಂಪಮಾಪಕಗಳಾಗಿಸುವ 'ಮೈಶೇಕ್' ಜಾಲವನ್ನು ತೆರೆದರು. ಗೂಗಲ್ ಕಂಪೆನಿ ೨೦೨೦ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಅಂಥದೇ ವ್ಯವಸ್ಥೆಯನ್ನು ಹೂಡಿತು. ಅದು ಭಾರತಕ್ಕೆ ಬಂದದ್ದು ೨೦೨೩ರ ಸೆಪ್ಟೆಂಬರಿನಲ್ಲಿ. ಬೆಂಗಳೂರಿನ ಮನೆಯೊಂದರ ಮೇಜಿನ ಮೇಲೆ ಸುಮ್ಮನೆ ಮಲಗಿರುವ ಫೋನೂ ಇಂದು ಈ ಕಾವಲಿನಲ್ಲಿ ಪಾಲುಗೊಂಡಿರಬಹುದು. ಒಡೆಯನಿಗೆ ಅದರ ಅರಿವೇ ಇಲ್ಲದಿರಬಹುದು.

ಸಂಖ್ಯೆ ಬೆಳೆದ ಮಾತ್ರಕ್ಕೆ ಸಾಕ್ಷ್ಯ ತಪ್ಪದೆಂದು ತಿಳಿಯಬಾರದು. ೨೦೨೩ರ ಫೆಬ್ರವರಿ ೬ರಂದು ಟರ್ಕಿ ಮತ್ತು ಸಿರಿಯಾ ದೇಶಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಂಪನವಾದಾಗ, ಫೋನುಗಳ ಜಾಲ ಅದನ್ನು ಗುರುತಿಸಿತು, ಆದರೆ ಅದರ ಬಲವನ್ನು ತೀರ ಕಡಿಮೆಯೆಂದು ಎಣಿಸಿತು. ಮೊದಲ ದೊಡ್ಡ ಕಂಪನದಲ್ಲಿ ಎಲ್ಲಕ್ಕಿಂತ ತುರ್ತಿನ ಎಚ್ಚರಿಕೆ ಹೋದದ್ದು ೪೬೯ ಫೋನುಗಳಿಗೆ ಮಾತ್ರ ಎಂದು ಕಂಪೆನಿಯೇ ೨೦೨೫ರಲ್ಲಿ ಒಪ್ಪಿಕೊಂಡಿತು. ಲೆಕ್ಕದ ರೀತಿಯನ್ನು ಅನಂತರ ತಿದ್ದಲಾಯಿತು. ಎಚ್ಚರಿಕೆ ಎಷ್ಟೇ ನಿಖರವಾದರೂ ಅದು ಗೋಡೆಯನ್ನು ಹಿಡಿದು ನಿಲ್ಲಿಸಲಾರದೆಂಬುದೂ ಅಷ್ಟೇ ಸತ್ಯ. ಭದ್ರವಾದ ಅಡಿಪಾಯ, ನಿಯಮಕ್ಕೆ ತಕ್ಕ ಕಟ್ಟಡ ಇವುಗಳ ಸ್ಥಾನವನ್ನು ಹದಿಮೂರು ಸೆಕೆಂಡುಗಳು ತುಂಬಲಾರವು. ಆದರೆ ಭದ್ರವಾದ ಮನೆಯಲ್ಲಿದ್ದವನಿಗೂ ಒಲೆ ಆರಿಸಿ, ಮಗುವನ್ನು ಕಿಟಕಿಯ ಬಳಿಯಿಂದ ಸೆಳೆದುಕೊಳ್ಳಲು ಅಷ್ಟು ಹೊತ್ತು ಬೇಕು.

ಕೂಪರ್ ವೈದ್ಯರು ಬಯಸಿದ ಗಂಟೆ ಇಂದು ಅನೇಕ ದೇಶಗಳಲ್ಲಿ ಬಾರಿಸುತ್ತಿದೆ. ಅದರ ಹಗ್ಗವನ್ನು ಹಿಡಿದವರಲ್ಲಿ ಸರ್ಕಾರಗಳುಂಟು, ದೊಡ್ಡ ಕಂಪೆನಿಗಳುಂಟು. ಅವರ ಜೊತೆಗೆ, ಮನೆಯ ಮೂಲೆಯಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಅಂಟಿಸಿ, ವರ್ಷಾನುಗಟ್ಟಲೆ ಅದರ ದೀಪ ಆರದಂತೆ ನೋಡಿಕೊಂಡ ಅಜ್ಞಾತ ಗೃಹಸ್ಥರೂ ಉಂಟು. ತಮ್ಮ ಮನೆ ಮೊದಲು ನಡುಗಿದರೆ ಆ ಎಚ್ಚರಿಕೆ ತಮಗೆ ತಲಪುವುದಿಲ್ಲವೆಂಬುದನ್ನು ಅರಿತೂ ಅವರು ಅದನ್ನು ಇಟ್ಟುಕೊಂಡರು.