ಊರಿಗೊಬ್ಬ ಚಂದ್ರ ಬೇಕೇ?

ಸಂಕಷ್ಟಿಯ ಸಂಜೆ ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆಂದು ಫೋನಿನಲ್ಲಿ ಹುಡುಕುವವರು ಈಗ ಊರಿನ ಹೆಸರನ್ನೂ ಸೇರಿಸಿಯೇ ಹುಡುಕುತ್ತಾರೆ. ಚನ್ನಗಿರಿಗೊಂದು ವೇಳೆ, ಹೊನ್ನಾಳಿಗೊಂದು, ನ್ಯಾಮತಿಗೊಂದು, ಜಗಳೂರಿಗೊಂದು. ತಿಂಗಳಿಡೀ ಚಂದ್ರನ ಉದಯ, ಅಸ್ತ, ಕಲೆಯ ಏರಿಳಿತ ಎಲ್ಲವನ್ನೂ ನಿಮಿಷದ ಲೆಕ್ಕದಲ್ಲಿ ಕೊಡುವ ಪಟ್ಟಿಗಳಿವೆ. ದಾವಣಗೆರೆಯ ವೇಳೆ ನೋಡಿಕೊಂಡು ಜಗಳೂರಿನಲ್ಲಿ ಅರ್ಘ್ಯ ಕೊಟ್ಟರೆ ವ್ರತಕ್ಕೆ ಲೋಪವಾಗುತ್ತದೇನೋ ಎಂಬ ಅಳುಕು ಕೆಲವರದು. ಅವರ ಶ್ರದ್ಧೆಯನ್ನು ಹಗುರ ಮಾಡುವ ಇರಾದೆ ನನಗಿಲ್ಲ. ಆದರೆ ಊರೂರಿನ ಈ ನಿಮಿಷಕ್ಕೆ ನಾವು ಕೊಡುತ್ತಿರುವ ಬೆಲೆ ಅದರ ಯೋಗ್ಯತೆಗಿಂತ ಹೆಚ್ಚಾಯಿತು ಎಂದು ವಿನಯದಿಂದಲೇ ಹೇಳಬೇಕಾಗಿದೆ.

ಮೊದಲು ಊರುಗಳ ಲೆಕ್ಕ ನೋಡೋಣ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಈ ನಾಲ್ಕು ಊರುಗಳಲ್ಲಿ ಎಲ್ಲಕ್ಕಿಂತ ಪಡುವಣದ್ದು ನ್ಯಾಮತಿ, ಮೂಡಣದ್ದು ಜಗಳೂರು. ಎರಡರ ರೇಖಾಂಶಗಳ ನಡುವೆ ಇರುವುದು ಮುಕ್ಕಾಲು ಡಿಗ್ರಿಯಷ್ಟು. ಅಂದರೆ ಮೂರು ನಿಮಿಷ. ಜಗಳೂರು ತುಸು ಉತ್ತರಕ್ಕಿದೆ ಎಂಬುದನ್ನು ಸೇರಿಸಿದರೂ ಹೆಚ್ಚುಕಮ್ಮಿಯಾಗುವುದು ಒಂದು ನಿಮಿಷದ ಒಳಗೆ. ಚನ್ನಗಿರಿಗೂ ಹೊನ್ನಾಳಿಗೂ ಒಂದು ನಿಮಿಷದ ಆಸುಪಾಸು ವ್ಯತ್ಯಾಸ. ಹೊನ್ನಾಳಿಗೂ ನ್ಯಾಮತಿಗೂ ಅಷ್ಟೂ ಇಲ್ಲ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದಾಗ ತಹಶೀಲ್ದಾರರು ಬಂದರು, ಪಟ್ಟಿಗೆ ಹೊಸ ಹೆಸರೂ ಬಂತು. ಚಂದ್ರನಿಗೆ ಮಾತ್ರ ಆ ಆದೇಶ ಇನ್ನೂ ತಲುಪಿದಂತಿಲ್ಲ.

ಇನ್ನು ಒಂದೇ ಊರಿನಲ್ಲಿ ಇವತ್ತಿಗೂ ನಾಳೆಗೂ ಎಷ್ಟು ವ್ಯತ್ಯಾಸ? ಸರಾಸರಿ ಐವತ್ತು ನಿಮಿಷ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತಾನೂ ಮೂಡಣಕ್ಕೆ ಹದಿಮೂರು ಡಿಗ್ರಿ ಸರಿದಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು. ಅವನ ದಾರಿ ದಿಗಂತಕ್ಕೆ ಓರೆಯಾಗಿರುವುದರಿಂದ, ವೇಗವೂ ಒಂದೇ ಸಮ ಇಲ್ಲದ್ದರಿಂದ ಈ ಐವತ್ತು ಕೆಲವು ದಿನ ನಲವತ್ತಕ್ಕೆ ಇಳಿಯುತ್ತದೆ, ಕೆಲವು ದಿನ ಅರವತ್ತನ್ನು ಮುಟ್ಟುತ್ತದೆ. ಹುಣ್ಣಿಮೆಯಂದು ಹೊತ್ತು ಮುಳುಗುವಾಗ ಹುಟ್ಟುವವನು ಕೃಷ್ಣ ಪಕ್ಷದ ಚೌತಿಗೆ ಸಾಮಾನ್ಯವಾಗಿ ರಾತ್ರಿ ಎಂಟೂವರೆಯಿಂದ ಹತ್ತರ ನಡುವೆ, ಅಷ್ಟಮಿಗೆ ನಡುರಾತ್ರಿಯ ಸುಮಾರಿಗೆ ಹುಟ್ಟುತ್ತಾನೆ. ಅಮಾವಾಸ್ಯೆಗೆ ಸೂರ್ಯನ ಜೊತೆಗೇ ಎದ್ದು ಅವನ ಜೊತೆಗೇ ಮುಳುಗುತ್ತಾನೆ. ಇಷ್ಟು ಗೊತ್ತಿದ್ದವರಿಗೆ ತಿಂಗಳ ಪಟ್ಟಿಯ ಮುಕ್ಕಾಲು ಪಾಲು ಬಾಯಿಪಾಠ ಬಂದಂತೆ. ಇದನ್ನು ಬಿಟ್ಟು ಮೂರು ನಿಮಿಷದ ಹಿಂದೆ ಹೋಗುವುದೇಕೆ?

ಪಟ್ಟಿಯಲ್ಲಿ ತಿಂಗಳಿಗೊಂದು ದಿನ ಚಂದ್ರೋದಯದ ಜಾಗದಲ್ಲಿ ಬರೀ ಗೆರೆ ಎಳೆದಿರುತ್ತದೆ. ಅದು ಮುದ್ರಣದೋಷವಲ್ಲ. ಅಷ್ಟಮಿಯ ಸುಮಾರಿಗೆ ಒಂದು ದಿನ ರಾತ್ರಿ ಹನ್ನೊಂದು ಮುಕ್ಕಾಲಿಗೆ ಹುಟ್ಟಿದವನು ಮುಂದಿನ ಸಲ ಹುಟ್ಟುವಷ್ಟರಲ್ಲಿ ಹನ್ನೆರಡು ದಾಟಿರುತ್ತದೆ, ತಾರೀಖೂ ಮಗುಚಿರುತ್ತದೆ. ನಡುವಿನ ತಾರೀಖಿಗೆ ಉದಯವೇ ಇಲ್ಲ. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಅಲ್ಲಿ ಈ ತೆರಪು ಅಮಾವಾಸ್ಯೆಯ ಹತ್ತಿರ ಬೀಳುತ್ತದೆ, ಆಗ ಚಂದ್ರ ಹೇಗೂ ಕಾಣುವುದಿಲ್ಲ. ಹಳಬರ ಏರ್ಪಾಡು ಕೆಲವು ಕಡೆ ಹೀಗೆ ಸದ್ದಿಲ್ಲದೆ ಜಾಣತನದ್ದಾಗಿರುತ್ತದೆ.

ನನ್ನ ಮುಖ್ಯ ತಕರಾರು ಇರುವುದು ದಿಗಂತದ ಬಗ್ಗೆ. ಪಟ್ಟಿಯ ಚಂದ್ರೋದಯ ಎಂದರೆ ಗುಡ್ಡವಿಲ್ಲದ, ಮರವಿಲ್ಲದ, ಕಡಲಿನಷ್ಟು ಸಪಾಟಾದ ದಿಗಂತದ ಮೇಲೆ ಚಂದ್ರನ ಮೇಲಂಚು ಇಣುಕುವ ಗಳಿಗೆ. ಅಂಥ ದಿಗಂತ ನಮ್ಮ ಯಾವ ಓಣಿಯಲ್ಲಿದೆ? ಚನ್ನಗಿರಿಯಲ್ಲಿ ಊರಿಗೆ ಒತ್ತಿಕೊಂಡೇ ಕೋಟೆಯ ಬೆಟ್ಟವಿದೆ, ಅದರ ಮೇಲೆ ರಂಗನಾಥ. ಬೆಟ್ಟದ ಪಡುವಣ ಮಗ್ಗುಲಿನವರಿಗೆ ಚಂದ್ರ ತಡವಾಗಿ ಹುಟ್ಟುತ್ತಾನೆ, ಮೂಡಣ ಮಗ್ಗುಲಿನವರಿಗೆ ಬೇಗ ಮುಳುಗುತ್ತಾನೆ. ನಮ್ಮ ಅಕ್ಷಾಂಶದಲ್ಲಿ ಅವನು ಗಂಟೆಗೆ ಹೆಚ್ಚುಕಮ್ಮಿ ಹದಿನಾಲ್ಕು ಡಿಗ್ರಿ ಮೇಲೇರುತ್ತಾನೆ. ಚಾಚಿದ ಕೈಯ ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ. ಅಂಥ ಮೂರು ಬೆರಳಿನಷ್ಟು ಗುಡ್ಡ ಅಡ್ಡ ಬಂದರೆ ಹನ್ನೆರಡು ಹದಿಮೂರು ನಿಮಿಷ ಹೋಯಿತು. ಅಡಿಕೆ ತೋಟದ ಮನೆಯ ಸ್ಥಿತಿ ಇನ್ನೂ ಗಮ್ಮತ್ತು. ಅಂಗಳದಿಂದ ಅರವತ್ತು ಮೀಟರ್ ಆಚೆ ಹನ್ನೆರಡು ಮೀಟರ್ ಎತ್ತರದ ಅಡಿಕೆ ಸಾಲು ಇದ್ದರೆ ಅದು ಹನ್ನೊಂದು ಡಿಗ್ರಿ ಆಕಾಶ ಮುಚ್ಚುತ್ತದೆ. ಚಂದ್ರ ಅದರ ಮೇಲೆ ಬರಲು ಮುಕ್ಕಾಲು ಗಂಟೆ. ಬಯಲುಸೀಮೆಯ ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ಪಟ್ಟಿ ಬಹುಮಟ್ಟಿಗೆ ನಿಜವಾದೀತು, ಅದೂ ಬೆಳೆ ಕೊಯ್ದ ಮೇಲೆ. ಊರಿಂದೂರಿಗೆ ಮೂರು ನಿಮಿಷ, ಒಂದೇ ಊರಿನ ಎರಡು ಮನೆಗಳ ನಡುವೆ ಮುಕ್ಕಾಲು ಗಂಟೆ. ನಿಖರತೆಯೇ ಬೇಕಿದ್ದರೆ ಊರಿಗೊಂದು ಪಟ್ಟಿ ಸಾಲದು, ಮನೆಗೊಂದು ಬೇಕು.

ದಿಗಂತ ಚೊಕ್ಕಟವಾಗಿದ್ದರೂ ಹುಟ್ಟುವುದು ಬೇರೆ, ಕಾಣುವುದು ಬೇರೆ. 2018ರ ತರಳಬಾಳು ಹುಣ್ಣಿಮೆ ಜಗಳೂರಿನಲ್ಲಿ ನಡೆಯಿತು. ಆ ಮಾಘ ಹುಣ್ಣಿಮೆ ಬಂದದ್ದು ಜನವರಿ 31ರಂದು, ಅವತ್ತೇ ಖಗ್ರಾಸ ಚಂದ್ರಗ್ರಹಣ. ಚಂದ್ರ ಪೂರ್ತಿ ನೆರಳಿನೊಳಗೆ ಹೊಕ್ಕದ್ದು ಸಂಜೆ 6:21ರ ಹೊತ್ತಿಗೆ, ಜಗಳೂರಿನಲ್ಲಿ ಅವನ ಉದಯವೂ ಅದೇ ಆಸುಪಾಸಿನಲ್ಲಿ. ಸಂಜೆಬೆಳಕು ಇನ್ನೂ ಆರಿರಲಿಲ್ಲ. ಮಂಕು ಕೆಂಪಿನ ಆ ಚಂದ್ರ ಕಣ್ಣಿಗೆ ಬೀಳಬೇಕಾದರೆ ಕತ್ತಲು ಕವಿಯಲೇಬೇಕಿತ್ತು. ಪಟ್ಟಿ ಹುಟ್ಟಿದ ಎಂದರೂ ಜಾತ್ರೆಗೆ ಬಂದವರು ಎಲ್ಲಿದ್ದಾನೆ ಎಂದು ಕೇಳಬೇಕಾದ ಹುಣ್ಣಿಮೆ ಅದು.

ಎಳೆಯ ಚಂದ್ರನ ವಿಷಯದಲ್ಲಂತೂ ಇದು ಇನ್ನೂ ಸ್ಪಷ್ಟ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು. ಅಮಾವಾಸ್ಯೆ ಮುಗಿದದ್ದು ಹಿಂದಿನ ರಾತ್ರಿ ಹನ್ನೊಂದರ ಹತ್ತಿರ. ಹಾಗಾಗಿ 22ರ ಸಂಜೆ ಚಂದ್ರನಿಗೆ ಇಪ್ಪತ್ತು ಗಂಟೆಯ ಪ್ರಾಯ. ಲೆಕ್ಕದಲ್ಲಿ ಸೂರ್ಯ ಮುಳುಗಿದ ಮೇಲೂ ಅವನು ಆಕಾಶದಲ್ಲಿದ್ದ, ಅಸ್ತದ ವೇಳೆಯೂ ಇತ್ತು. ಆದರೂ ಒಳನಾಡಿನಲ್ಲಿ ರಂಜಾನ್ ಉಪವಾಸ ಶುರುವಾದದ್ದು 24ಕ್ಕೆ, 23ರ ಸಂಜೆಯ ಚಂದ್ರನನ್ನು ನೋಡಿ. ಯುಗಾದಿಯ ಮರುದಿನ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವ ರೂಢಿ ನಮ್ಮಲ್ಲಿದೆ. ಆ ಸಂಜೆ ಒಂದೇ ಗೆರೆಚಂದ್ರನನ್ನು ಎರಡು ಹಬ್ಬದವರೂ ಹುಡುಕಿದ್ದರು. ಕಣ್ಣಿಗೆ ಕಾಣಬೇಕು ಎಂಬ ಷರತ್ತನ್ನು ಇಬ್ಬರೂ ಬಿಟ್ಟುಕೊಟ್ಟಿಲ್ಲ. ಸಂಕಷ್ಟಿಯ ಕ್ರಮವೂ ಚಂದ್ರನ ದರ್ಶನವಾದ ಮೇಲೆ ಊಟ ಎಂದೇ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ತಿಥಿ ಎಂದರೆ ಸೂರ್ಯ ಚಂದ್ರರ ನಡುವೆ ಹನ್ನೆರಡು ಡಿಗ್ರಿ ಅಂತರ ಬೆಳೆಯುವ ಅವಧಿ. ಅದು ಇಡೀ ಭೂಮಿಗೆ ಒಂದೇ ಗಳಿಗೆಯಲ್ಲಿ ಶುರುವಾಗುತ್ತದೆ. ಚಂದ್ರೋದಯವೋ ಊರಿನದು. ಚಂದ್ರ ಹುಟ್ಟುವಾಗ ಚೌತಿ ಇದ್ದ ದಿನವೇ ಸಂಕಷ್ಟಿ. ಆದ್ದರಿಂದ ಜಗಳೂರಿನ ಉದಯಕ್ಕೂ ನ್ಯಾಮತಿಯ ಉದಯಕ್ಕೂ ನಡುವಿನ ಆ ಮೂರು ನಿಮಿಷದಲ್ಲೇ ಚೌತಿ ಶುರುವಾದರೆ ಅಥವಾ ಮುಗಿದರೆ, ಎರಡು ಊರಿನ ವ್ರತ ಎರಡು ಬೇರೆ ದಿನ ಬೀಳಬಹುದು. ಆಗ ನಿಮಿಷಕ್ಕೆ ನಿಜವಾದ ಬೆಲೆ ಬರುತ್ತದೆ. ಹೀಗಾಗುವ ಸಂಭವ ಎಷ್ಟು? ತಿಂಗಳಿಗೆ ಹೆಚ್ಚುಕಮ್ಮಿ ಇನ್ನೂರೈವತ್ತರಲ್ಲಿ ಒಂದು, ಅಂದರೆ ಇಪ್ಪತ್ತು ವರ್ಷಕ್ಕೊಮ್ಮೆ. ಆ ಒಂದು ರಾತ್ರಿಗಾಗಿ ಉಳಿದ ಎಲ್ಲ ರಾತ್ರಿಗಳಲ್ಲೂ ಊರಿನ ಹೆಸರು ಹಾಕಿ ಹುಡುಕಬೇಕೇ ಎಂಬುದು ಅವರವರಿಗೆ ಬಿಟ್ಟದ್ದು.

ಪಂಚಾಂಗದ ಪರಿಷ್ಕರಣೆಗೆ 1952ರಲ್ಲಿ ನೇಮಕವಾದ ಮೇಘನಾದ ಸಹಾ ಅವರ ಸಮಿತಿಗೂ ಇಂಥದೇ ಪ್ರಶ್ನೆ ಎದುರಾಗಿತ್ತು. ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಪಂಚಾಂಗ ಎಂದರೆ ಯಾವ ಊರಿನದು? ಪೂರ್ವಕ್ಕೆ 82½ ಡಿಗ್ರಿ, ಉತ್ತರಕ್ಕೆ 23 ಡಿಗ್ರಿ 11 ಕಲೆ ಇರುವ ಒಂದು ಕೇಂದ್ರಬಿಂದುವನ್ನು ಹಿಡಿದು ಲೆಕ್ಕ ಹಾಕುವುದು ಎಂದು ತೀರ್ಮಾನಿಸಿದರು. ಅದೇ ರೇಖಾಂಶದ ಗಡಿಯಾರವನ್ನು ನಾವೆಲ್ಲ ಕೈಗೆ ಕಟ್ಟಿದ್ದೇವೆ. ಅದು ದಾವಣಗೆರೆ ಸೀಮೆಯ ಸೂರ್ಯನಿಗಿಂತ ಇಪ್ಪತ್ತಾರು ನಿಮಿಷ ಮುಂದೆ ಓಡುತ್ತದೆ. ಆ ಇಪ್ಪತ್ತಾರಕ್ಕೆ ತಲೆ ಕೆಡಿಸಿಕೊಳ್ಳದವರು ಈ ಮೂರಕ್ಕೆ ಅಳುಕುವುದು ನನಗೆ ಸೋಜಿಗ.

ಒಂದು ಕಡೆ ಮಾತ್ರ ಪಟ್ಟಿಗೆ ಸೋಲುತ್ತೇನೆ. ಆಷಾಢ, ಶ್ರಾವಣದಲ್ಲಿ ನ್ಯಾಮತಿ, ಹೊನ್ನಾಳಿ ಕಡೆ ಮಲೆನಾಡಿನ ಸೆರಗಿನ ಮೋಡ ರಾತ್ರಿಯೆಲ್ಲ ಬಿಚ್ಚದೆ ಇರಬಹುದು. ಬೆಳಗಿನಿಂದ ಉಪವಾಸವಿದ್ದ ವಯಸ್ಸಾದ ಅಮ್ಮಂದಿರನ್ನು ದರ್ಶನವಾಗುವ ತನಕ ಕಾಯಿರಿ ಎನ್ನುವುದು ಸರಿಯಲ್ಲ. ಅಂಥ ರಾತ್ರಿ ಪಟ್ಟಿಯನ್ನೇ ನಂಬಬೇಕು. ಜಿಲ್ಲೆಯ ಯಾವ ಊರಿನ ವೇಳೆಯನ್ನಾದರೂ ಹಿಡಿದು ಐದು ನಿಮಿಷ ಸೇರಿಸಿಕೊಂಡು ಎಲೆ ಹಾಕಬಹುದು. ಚಂದ್ರ ಆ ಹೊತ್ತಿಗೆ ನಾಲ್ಕೂ ತಾಲ್ಲೂಕಿನಲ್ಲಿ ಹುಟ್ಟಿರುತ್ತಾನೆ.