ಕಬ್ಬಿಣಕ್ಕೆ ತೂಕ ಬಂದದ್ದು ಎಲ್ಲಿಂದ?

ನಮ್ಮದು ಕಬ್ಬಿಣದ ಊರು. ಜನ್ನಾಪುರದಲ್ಲಿ ಯಾರ ಮನೆಗೆ ಹೋದರೂ ಕಾರ್ಖಾನೆಯ ಮಾತು ಬರುತ್ತದೆ. ಆದರೆ 1923ರಿಂದ ಭದ್ರಾವತಿ ಟನ್‌ಗಟ್ಟಲೆ ತೂಗಿದ ಆ ಕಬ್ಬಿಣಕ್ಕೆ ತೂಕ ಬಂದದ್ದು ಎಲ್ಲಿಂದ?

ಪರಮಾಣುವಿನ ತೂಕ ಹೆಚ್ಚುಕಡಿಮೆ ಪೂರ್ತಿ ಪ್ರೋಟಾನ್, ನ್ಯೂಟ್ರಾನ್‌ಗಳದ್ದು. ಒಂದೊಂದರಲ್ಲೂ ಮೂರು ಕ್ವಾರ್ಕ್‌ಗಳು. ಆ ಮೂರರ ತೂಕ ಕೂಡಿಸಿದರೆ ಪ್ರೋಟಾನ್ ತೂಕದ ಸುಮಾರು ಶೇ 1ರಷ್ಟು ಮಾತ್ರ. ಉಳಿದದ್ದು ಅವುಗಳ ಚಲನೆಯ ಮತ್ತು ಅವನ್ನು ಬಿಗಿದಿಟ್ಟ ಬಲದ ಶಕ್ತಿ.

ಇದು ಪೆನ್ನು, ಕಾಗದಕ್ಕೆ ಬಗ್ಗುವ ಲೆಕ್ಕವಲ್ಲ. ದೇಶ, ಕಾಲಗಳನ್ನು ರಂಗೋಲಿ ಚುಕ್ಕಿಗಳಂಥ ಜಾಲವೆಂದು ಭಾವಿಸುವ ದಾರಿಯನ್ನು 1974ರಲ್ಲಿ ಕೆನೆತ್ ವಿಲ್ಸನ್ ತೋರಿಸಿದರು. ಅಂಥ ಜಾಲವನ್ನು ಸೂಪರ್‌ಕಂಪ್ಯೂಟರಿಗೆ ಕೊಟ್ಟು 2008ರಲ್ಲಿ ಯುರೋಪಿನ ತಂಡವೊಂದು ಪ್ರೋಟಾನ್ ತೂಕ ಲೆಕ್ಕ ಹಾಕಿತು. ಅದು ಪ್ರಯೋಗದ ಅಳತೆಗೆ ಹೊಂದಿತು. ನ್ಯೂಟ್ರಾನ್ ಶೇ 0.14ರಷ್ಟು ಹೆಚ್ಚು ತೂಗುವುದೂ 2015ರಲ್ಲಿ ಲೆಕ್ಕಕ್ಕೆ ಸಿಕ್ಕಿತು. ಅದು ತಿರುಗುಮುರುಗಾಗಿದ್ದರೆ ನಾವು ಬಲ್ಲ ಹೈಡ್ರೋಜನ್ ಉಳಿಯುತ್ತಿರಲಿಲ್ಲ.

‘ಬಿ.ಎಸ್ಸಿ. ಫಿಸಿಕ್ಸ್ ಓದಿ ಏನು ಮಾಡ್ತೀಯಾ?’ ಎಂದು ನನ್ನನ್ನು ಕೇಳುವವರು ಬಹಳ. ಇಂಥ ಸಂಶೋಧನೆ ನಮ್ಮಂಥವರಿಗಲ್ಲ ಎಂಬ ನಂಬಿಕೆ ಆ ಪ್ರಶ್ನೆಯೊಳಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಪೂರ್ವ ಪಟೇಲ್ ಈ ಕ್ಷೇತ್ರದಲ್ಲಿ ದುಡಿದಿದ್ದಾರೆ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೂ ಅಲ್ಲಿದೆ. ಕಲಿಯಲು ಅಷ್ಟು ದೊಡ್ಡ ಯಂತ್ರವೂ ಬೇಕಿಲ್ಲ. ಎರಡು ಆಯಾಮದ ಪುಟ್ಟ ಜಾಲದ ಲೆಕ್ಕ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ.

ಚಿಕ್ಕ ಊರುಗಳ ಪದವಿ ಕಾಲೇಜುಗಳಲ್ಲಿ ವಾರಕ್ಕೊಂದು ಲ್ಯಾಬ್ ಇದಕ್ಕೆ ಮೀಸಲಾಗಲಿ. ಕೆಲಸ ಕೊಡಿಸುವ ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ ಎರಡೂ ಅದರಲ್ಲೇ ಕೈಗೆ ಹತ್ತುತ್ತವೆ. ಸಂಶೋಧನೆಗೆ ಹೋಗುವವರಿಗೆ ದಾರಿ ತೆರೆಯುತ್ತದೆ, ಹೋಗದವರಿಗೂ ನಷ್ಟವಿಲ್ಲ.